ಕೂತಲ್ಲೇ ನೋಡಿದ ಡಾಕ್ಟರ್ ಬಾಯಿ

ನಮ್ಮ ಎದುರು ಮನೆಯ ಡಾಕ್ಟರ್ ಬಾಯಿ, ಓಣಿಯವರೆಲ್ಲ ಬಾಯಾರು ಎಂದು ಕರೆಯುವವರು, ಹೋದ ವರ್ಷ ನಿವೃತ್ತರಾದರು. ಕಲಬುರಗಿಯ ಕಾಲೇಜಿನವರು ಶಾಲು ಹೊದಿಸಿ, ಹಾರ ಹಾಕಿ, ಅವರಿಗೆ ಸೇರದ ಭಾಷಣಗಳನ್ನೆಲ್ಲ ಮಾಡಿ ಕಳಿಸಿಕೊಟ್ಟರು. ಕಾಲೇಜಿಗೆ ಏನು ನಷ್ಟವಾಯಿತೋ ತಿಳಿಯದು, ನನಗಂತೂ ಸಂಜೆಯ ಚಹಾದ ಜೊತೆ ತಪ್ಪಿತು. ಎದುರಿಗೇ ಇದ್ದಾರಲ್ಲ, ಹೋಗಿ ಕುಡಿಯಬಾರದೇ ಎಂದು ನೀವು ಕೇಳಬಹುದು. ಹೋಗುತ್ತೇನೆ, ಕುಡಿಯುತ್ತೇನೆ. ಆದರೆ ಆ ಚಹಾದ ರುಚಿಯೇ ಬೇರೆ ಇತ್ತು.

ಅವರು ಸತ್ತವರನ್ನು ನೋಡುವ ಡಾಕ್ಟರು. ರೋಗವೊಂದು ಮೈಯೊಳಗೆ ಎಲ್ಲಿ ಹೊಕ್ಕಿತು, ಏನು ಕೆಡಿಸಿತು ಎಂದು ಹೆಣವನ್ನು ಕೊಯ್ದು, ತುಣುಕು ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ಹೇಳುವ ವಿದ್ಯೆ ಅವರದು. ಬೆಳಗಿನ ರೈಲಿಗೆ ಚಿತ್ತಾಪುರದಿಂದ ಹೊರಟು ಸಂಜೆಯ ರೈಲಿಗೆ ವಾಪಸು. ಮನೆತನ ಸೇಡಂ ಕಡೆಯ ವೈಷ್ಣವರದು, ತಾಯಿಯೋ ಮಡಿಯ ಹೆಂಗಸು. ಹೆಣ ಮುಟ್ಟಿ ಬಂದ ಮಗಳು ಮುಂಬಾಗಿಲಿನಿಂದ ಒಳಗೆ ಕಾಲಿಡುವ ಹಾಗಿರಲಿಲ್ಲ. ಮೊದಲು ಹಿತ್ತಲ ಬಾಗಿಲು, ಬಚ್ಚಲು, ತಲೆಯ ಮೇಲೆ ನೀರು. ಆಮೇಲೆ ಚಹಾ, ಮಾತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆ, ಸಾವಿನ ಸೂತಕ ನಮಗಿಲ್ಲ. ಹೀಗಾಗಿ ಬಾಯಾರು ಸ್ಟೇಷನ್ನಿನಿಂದ ಸೀದಾ ನಮ್ಮ ಮನೆಗೆ ಬಂದು, ಕಾಲು ಚಾಚಿ ಕೂತು, ಚೂಡಾ ತಿಂದು, ಚಹಾ ಕುಡಿದು, ಆಮೇಲೆ ರಸ್ತೆ ದಾಟಿ ತಮ್ಮ ಮನೆಯ ಹಿತ್ತಲಿಗೆ ಹೋಗುತ್ತಿದ್ದರು.

“ನಿಮ್ಮ ಶರಣರು ನನಗ ಭಾಳ ದೊಡ್ಡ ಉಪಕಾರ ಮಾಡ್ಯಾರ್ರಿ ಟೀಚರ್‌ರ. ಇಲ್ಲಂದ್ರ ಹಂಡೆ ಕಾಯೂ ತನಕ ನಾ ಬಾಯಿ ಒಣಗಿಸ್ಕೊಂಡು ಹಿತ್ತಲದಾಗ ನಿಂದರಬೇಕಾಗತಿತ್ತು” ಎನ್ನುವರು.

ತಾಯಿಯ ಜೊತೆ ಅವರ ಜಗಳ ಓಣಿಗೇ ಗೊತ್ತು. ಒಮ್ಮೆ ಜಿಟಿಜಿಟಿ ಮಳೆ. ಬಾಯಾರಿಗೆ ನೆಗಡಿ. ಇವತ್ತು ಯಾರನ್ನೂ ಮುಟ್ಟಿಲ್ಲ, ಬರೀ ಗಾಜಿನ ಸ್ಲೈಡ್ ನೋಡಿದೆ, ಸ್ನಾನ ಬೇಡ ಎಂದರು. ತಾಯಿ ಹಿತ್ತಲ ಬಾಗಿಲಲ್ಲೇ ನಿಂತು ಪಾಟೀಸವಾಲು ಶುರು ಮಾಡಿದರು.

“ಗಾಜಿನ ಮ್ಯಾಲ ಏನಿತ್ತು?”

“ಒಬ್ಬಾತನ ಪುಪ್ಪುಸದ ತುಣುಕಮ್ಮಾ. ಕಣ್ಣಿಗೆ ಕಾಣಂಗಿಲ್ಲ, ಅಷ್ಟು ತೆಳ್ಳಗ.”

“ಆತ ಇದ್ದಾನೋ, ಹೋಗ್ಯಾನೋ?”

“ಹೋಗ್ಯಾನ.”

“ಹಂಗಾದ್ರ ನಡಿ ಬಚ್ಚಲಕ್ಕ. ತೆಳ್ಳಗಿದ್ರ ಏನಾತು?”

ಈ ಕಥೆಯನ್ನು ಬಾಯಾರೇ ನಮಗೆ ಹೇಳಿ ಹೇಳಿ ನಕ್ಕಿದ್ದಾರೆ. ನಿವೃತ್ತಿಯ ಮರುದಿನದಿಂದ ಅವರು ಮುಂಬಾಗಿಲಿನಿಂದಲೇ ಓಡಾಡತೊಡಗಿದರು. ತಾಯಿಗೆ ಸಮಾಧಾನ, ನನಗೆ ನಷ್ಟ.

ಊರಲ್ಲಿ ಅವರಿಗೆ ಹೆಣದ ಡಾಕ್ಟರ್ ಎಂದೇ ಹೆಸರು. ಉಣ್ಣಲು ಹಟ ಮಾಡುವ ಕೂಸುಗಳನ್ನು ಅವರ ಹೆಸರು ಹೇಳಿ ಹೆದರಿಸುವ ತಾಯಂದಿರಿದ್ದರು. ಅವರೋ ತಮ್ಮ ಬಾಯಿಂದ ಹೆಣ ಎಂಬ ಮಾತನ್ನು ಆಡಿದವರೇ ಅಲ್ಲ. ‘ಬಾಡಿ’ ಎಂದರಂತೂ ಸಿಟ್ಟು ನೆತ್ತಿಗೇರುತ್ತಿತ್ತು. “ಇವತ್ತ ಇಬ್ಬರು ಬಂದಿದ್ರು” ಎಂದೇ ಅವರ ಮಾತು ಶುರುವಾಗುವುದು. “ಒಬ್ಬರು ಚಿಂಚೋಳಿಯವರು. ಭಾಳ ಸಮಾಧಾನದ ಮನಷಾ.” ಸತ್ತವನ ಸಮಾಧಾನ ನಿಮಗೆ ಹೇಗೆ ತಿಳಿಯಿತು ಎಂದು ನಾನು ಛೇಡಿಸಿದರೆ, “ಉಗುರು ನೋಡಿದೆ, ಒಂದೂ ಕಚ್ಚಿಲ್ಲ” ಎಂದು ಚೂಡಾದ ಬಟ್ಟಲಿಗೆ ಕೈ ಹಾಕುತ್ತಿದ್ದರು. ಸತ್ತವರು ಸುಳ್ಳು ಹೇಳುವುದಿಲ್ಲ ಎಂದು ಯಾರೋ ಹೊಗಳಿಕೆಗೆಂದು ಅಂದಾಗ ಅವರು ಒಪ್ಪಲಿಲ್ಲ. “ಅವರೂ ಹೇಳ್ತಾರ್ರಿ, ನಾವು ಅವಸರ ಮಾಡಿದ್ರ” ಎಂದರು.

ಅವರು ಕೆಲಸ ಮಾಡುತ್ತಿದ್ದ ಮೇಜು ಶಹಾಬಾದ ಫರಸಿಯದು, ನಮ್ಮ ಮನೆಗಳಲ್ಲಿ ನೆಲಕ್ಕೆ ಹಾಸುವ ಕಲ್ಲಿನದು. ಹೊಳೆಯುವ ಉಕ್ಕಿನ ಮೇಜು ಕೊಡುತ್ತೇವೆ ಎಂದು ಕಾಲೇಜಿನವರು ಅಂದಾಗ ಇವರು ಬೇಡ ಎಂದರಂತೆ. “ನಮ್ಮ ಮಂದಿ ಅಂಬೆಗಾಲಿಟ್ಟಿದ್ದು ಫರಸಿ ಮ್ಯಾಲ. ಬ್ಯಾಸಗ್ಯಾಗ ಬರೀ ಮೈಲೆ ಮಲಗಿದ್ದು ಫರಸಿ ಮ್ಯಾಲ. ಕಡೀಕ್ಕೂ ಅದೇ ತಂಪಿರ್ಲಿ ಬಿಡ್ರಿ” ಎಂದಿದ್ದರು. ಇಂಥದ್ದಕ್ಕೆಲ್ಲ ಅವರನ್ನು ಕಂಡರೆ ನನಗೆ ಬಹಳ ಪ್ರೀತಿ.

ಆ ದೊಡ್ಡ ಜ್ವರದ ವರ್ಷಗಳಲ್ಲಿ ಅವರ ಕೆಲಸದ ಬಗೆ ಬದಲಾಯಿತು. ಕೊರೊನಾ ಬಂದು ಹೋಯಿತು, ಜನ ಮುಖದ ಬಟ್ಟೆ ಬಿಚ್ಚಿ ಜಾತ್ರೆಗೆ, ಮದುವೆಗೆ ನಡೆದರು. ಕೆಲವರು ಮಾತ್ರ ಎದ್ದು ಮೊದಲಿನಂತಾಗಲೇ ಇಲ್ಲ. ದಣಿವು, ಎದೆ ಡವಡವ, ಮರೆವು. ಪರೀಕ್ಷೆಗಳಲ್ಲಿ ಏನೂ ಇಲ್ಲ. ಹೀಗೆ ನರಳಿ ಮುಂದೆಂದೋ ತೀರಿಕೊಂಡವರ ಮೈಯಲ್ಲಿ ಆ ಜ್ವರ ಏನು ಉಳಿಸಿ ಹೋಗಿದೆ ಎಂದು ಹುಡುಕುವ ಕೆಲಸ ಬಾಯಾರದು. ಮನೆಯವರು ಒಪ್ಪಿದರೆ ಮಾತ್ರ. ಒಪ್ಪಿಸಲು ಅವರೇ ಊರೂರಿಗೆ ಹೋಗುತ್ತಿದ್ದರು. ದಂಡೋತಿಯಲ್ಲಿ ಒಬ್ಬ ಹಿರಿಯರು, ಜ್ವರ ಹೋಗಿ ವರ್ಷವಾಯಿತು, ಈಗ ಒಳಗೆ ನೋಡುವುದೇನಿದೆ ಎಂದು ಕೇಳಿದರಂತೆ. ಆಗ ಬಾಯಾರು, “ಕಾಗಿಣಾ ಹೊಳಿ ಇಳಿದ ಮ್ಯಾಲ ನೀವು ಹೊಲಕ್ಕ ಹೋಗಂಗಿಲ್ಲೇನ್ರಿ? ನೀರು ಹೋಗಿರ್ತದ. ಮಣ್ಣು ಎಲ್ಲಿ ಕೊಚ್ಚಿತು, ಕಲ್ಲು ಎಲ್ಲಿ ಬಂದು ಕುಂತಾವ, ನೋಡಬೇಕಲ್ಲ?” ಎಂದರು. ಪ್ರತಿ ಮಳೆಗಾಲ ಹೊಳೆಯ ಜೊತೆ ಬಾಳುವ ಊರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಇನ್ನು ನಮ್ಮ ಅಕ್ಕನ ವಿಷಯ. ಅಕ್ಕನ ಮನೆ ನಮ್ಮ ಮನೆಯ ಬೆನ್ನಿಗೇ ಇದೆ. ಮಗ ಶರಣು ಶಹಾಬಾದದಲ್ಲಿ ಫರಸಿ ಪಾಲಿಶ್ ಮಾಡುವ ಸಣ್ಣ ಅಂಗಡಿ ಇಟ್ಟಿದ್ದಾನೆ. ಸೊಸೆ ಅಂಬಿಕಾ ಮಾತು ಕಡಿಮೆಯ ಹುಡುಗಿ. ಅಕ್ಕ ರೊಟ್ಟಿ ಬಡಿಯಲು ಕೂತರೆ ಓಣಿಯೇ ಆ ಸದ್ದಿಗೆ ಎದ್ದು ಕೂಡುತ್ತಿತ್ತು. ಆ ಜ್ವರ ಅತ್ತೆಗೂ ಸೊಸೆಗೂ ಒಟ್ಟಿಗೇ ಬಂತು, ಇಬ್ಬರೂ ಎದ್ದರು. ಅಕ್ಕನ ಕೈಯಿಂದ ಮಾತ್ರ ರೊಟ್ಟಿ ಆಗದಾಯಿತು. ಒಂದು ಬಡಿದರೆ ಗೋಡೆಗೆ ಒರಗುತ್ತಿದ್ದಳು. ನಳದ ತನಕ ನಡೆದರೆ ಎದೆ ಹಿಡಿದು ನಿಲ್ಲುತ್ತಿದ್ದಳು. ಶರಣು ತಾಯಿಯನ್ನು ಕಲಬುರಗಿಯ ಡಾಕ್ಟರುಗಳಿಗೆಲ್ಲ ತೋರಿಸಿದ. ಎದೆಯ ಫೋಟೋ ಚೆಂದ, ರಕ್ತ ಚೆಂದ, ಎಲ್ಲ ಚೆಂದ. ಹಾಗಾದರೆ ರೋಗವೇ ಇಲ್ಲ ಎಂದು ಬೀಗರು, ನೆಂಟರು ತೀರ್ಮಾನಿಸಿದರು. ಸೊಸೆ ಬಂದ ಮೇಲೆ ಅತ್ತೆಗೆ ಸೊಕ್ಕು ಬಂತೆಂದು ಒಬ್ಬರು, ಗಾಳಿ ಸೋಕಿದೆ ಎಂದು ಇನ್ನೊಬ್ಬರು. ನನಗೆ ನನ್ನ ಅಕ್ಕ ಗೊತ್ತಿತ್ತು. ಕೆಲಸ ತಪ್ಪಿಸಿಕೊಳ್ಳುವುದು ಅವಳ ಜಾತಕದಲ್ಲೇ ಇರಲಿಲ್ಲ. ಅವಳ ಪರವಾಗಿ ನಾನು ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ, ಯಾರೂ ಕಿವಿಗೊಡಲಿಲ್ಲ.

ಸಂಜೆ ಚಹಾದ ಹೊತ್ತಿಗೆ ಅಕ್ಕನೂ ಮೆಲ್ಲಗೆ ಗೋಡೆ ಹಿಡಿದು ನಮ್ಮ ಮನೆಗೆ ಬಂದು ಕೂಡುತ್ತಿದ್ದಳು. ಅವಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ ಡಾಕ್ಟರೆಂದರೆ ಬಾಯಾರೊಬ್ಬರೇ. ಒಂದು ದಿನ ಅಕ್ಕ ನಗುತ್ತಲೇ ಕೇಳಿದಳು.

“ಬಾಯಾರ, ಹೊರಗಿಂದ ಎಲ್ಲಾರೂ ನೋಡಿದ್ರು. ನಾ ಹೋದ ಮ್ಯಾಲ ಒಳಗ ನೀವು ನೋಡ್ರಿ.”

ಬಾಯಾರು ಚಹಾದ ಬಸಿ ಕೆಳಗಿಟ್ಟರು. “ಅಕ್ಕಾರ, ಹಂಗ ಮಾತಾಡಬ್ಯಾಡ್ರಿ. ನನ್ನ ಕಡಿ ಬರಲಿಕ್ಕ ನಿಮಗೇನು ಗಡಿಬಿಡಿ?”

“ಗಡಿಬಿಡಿ ಇಲ್ಲ. ಆದ್ರ ನಾ ಸುಳ್ಳುಗಾರ್ತಿ ಅನಿಸ್ಕೊಂಡು ಮಣ್ಣಿಗೆ ಹೋಗಂಗಿಲ್ಲ. ಒಳಗ ಏನಾರ ಇದ್ರ ಎಲ್ಲಾರ ಮುಂದ ಹೇಳ್ರಿ. ಇಲ್ಲಂದ್ರ ಅದನ್ನೂ ಹೇಳ್ರಿ.”

ಶರಣುವನ್ನು ಕರೆಸಿ ಅವನ ಮುಂದೆಯೂ ಇದೇ ಮಾತು ಹೇಳಿದಳು. ಅವನು ನೆಲ ನೋಡುತ್ತ ‘ಹೂಂ’ ಎಂದ.

ಮಳೆಗಾಲದ ಒಂದು ಬೆಳಗ್ಗೆ ಅಕ್ಕ ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದಿದ್ದಂತೆಯೇ ಹೋಗಿಬಿಟ್ಟಳು. ನಾನು ಕಣ್ಣೊರೆಸಿಕೊಳ್ಳುತ್ತಲೇ ಬಾಯಾರಿಗೆ ಫೋನು ಮಾಡಿದೆ. ಅವರು ಆಗಲೇ ಕಲಬುರಗಿಯಲ್ಲಿದ್ದರು, ಕಾಲೇಜಿನ ಗಾಡಿ ತೆಗೆದುಕೊಂಡು ಹೊರಟೆ ಎಂದರು. ಅತ್ತ ಹೊಳೆ ಬಂದು ದಂಡೋತಿಯ ಸೇತುವೆ ಮುಳುಗಿತ್ತು. ಗಾಡಿ ಶಹಾಬಾದ, ವಾಡಿ ಸುತ್ತಿಕೊಂಡು ಬರಬೇಕಾಯಿತು. ಮನೆಯಲ್ಲಿ ಕೂರಲಾಗದೆ ನಾನು ರೈಲ್ವೆ ಗೇಟಿನ ಹತ್ತಿರ ಹೋಗಿ ಕಾಯುತ್ತ ನಿಂತೆ. ಅಷ್ಟರಲ್ಲಿ ಮನೆಯಲ್ಲಿ ಹೆಂಗಸರು ತಮ್ಮ ಕೆಲಸ ಮುಗಿಸಿಬಿಟ್ಟಿದ್ದರು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಪೂಜೆಗೆ ಕೂತ ಹಾಗೆ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಕೊಡುತ್ತೇವೆ. ಮೈ ಸೆಟೆಯುವ ಮೊದಲೇ ಕಾಲು ಮಡಿಸಿ ಕೂರಿಸಬೇಕು. ತಡವಾದರೆ ಮನೆಯ ಹೆಂಗಸರಿಗೆ ಕೆಟ್ಟ ಹೆಸರು. ಹೀಗಾಗಿ ಓಣಿಯ ಪುಣ್ಯಾತ್ಗಿತ್ತಿಯರು ಅಕ್ಕನಿಗೆ ನೀರು ಹಾಕಿ, ವಿಭೂತಿ ಹಚ್ಚಿ, ಹಸಿರು ಸೀರೆ ಉಡಿಸಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಕೂರಿಸಿಬಿಟ್ಟಿದ್ದರು. ಗಾಡಿ ಬರುವ ಹೊತ್ತಿಗೆ ಅಕ್ಕ ಕೂತ ಭಂಗಿಯಲ್ಲೇ ಕಲ್ಲಾಗಿದ್ದಳು. ಗಾಡಿಯವರು ತಂದ ಸ್ಟ್ರೆಚರ್ ಅಂಗಳದಲ್ಲಿ ಪೆದ್ದುಪೆದ್ದಾಗಿ ಬಿದ್ದಿತ್ತು.

ಶರಣು ತಾಯಿಯ ಮುಂದೆ ಅಡ್ಡ ನಿಂತ. “ಬಾಯಾರ, ಅವ್ವ ಕುಂತುಬಿಟ್ಟಾಳ್ರಿ. ಕುಂತಾಕಿನ್ನ ಮತ್ತ ಮಲಗಸಂಗಿಲ್ಲ.”

“ಅವ್ವಗ ಮಾತು ಕೊಟ್ಟಿಯಲ್ಲೋ ಶರಣು” ಎಂದೆ ನಾನು.

“ಕೊಟ್ಟೀನಿ ಚಿಗವ್ವ, ಇಲ್ಲ ಅನ್ನಂಗಿಲ್ಲ. ಆದ್ರ ಕೈಕಾಲು ಮುರದು ಮಲಗಿಸಿ, ಕೊಯ್ದು, ಹೊಲದು ತಂದ ಮ್ಯಾಲ ಆಕಿ ಕುಂದರಲಿಲ್ಲ ಅಂದ್ರ? ಮಣ್ಣಾಗ ಕುಸದು ಬಿದ್ರ? ನಾ ಹೆಂಗ ನೋಡ್ಲಿ?”

ಕ್ರಿಯೆಗೆ ಬಂದಿದ್ದ ಜಂಗಮ ಅಯ್ಯನವರೂ ಕೂರಿಸಿದ ಮೇಲೆ ಮಲಗಿಸುವ ಪದ್ಧತಿಯಿಲ್ಲ ಎಂದರು. ಮುಗಿಯಿತು, ಅಕ್ಕ ಸುಳ್ಳುಗಾರ್ತಿಯಾಗಿಯೇ ಮಣ್ಣಿಗೆ ಹೋದಳು ಎಂದುಕೊಂಡೆ ನಾನು.

ಬಾಯಾರು ವಾದ ಮಾಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಅಕ್ಕನ ಎದುರಿಗೆ ನೆಲದ ಮೇಲೆ ಕೂತರು. ಅಕ್ಕ ಹೇಗೆ ಕೂತಿದ್ದಳೋ ಹಾಗೇ ಇವರೂ ಕಾಲು ಮಡಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹಿಂದೆ ಹೋಗಿ, ಶರಣುವನ್ನು ಕೇಳಿಯೇ, ಅಕ್ಕನ ಬೆನ್ನಿನ ಎಲುಬುಗಳ ನಡುವೆ ಬೆರಳು ಆಡಿಸಿದರು.

“ಮಲಗಿಸೂದು ಬ್ಯಾಡಪ್ಪಾ” ಎಂದರು. “ಕುಂತಲ್ಲೇ ನೋಡ್ತೀನಿ. ಬೆನ್ನಿಂದ, ಕತ್ತಿನ ಹಿಂದಿಂದ, ಎದಿಗೆ ಒಂದು ಕಡಿ. ಸಣ್ಣ ತೂತು ಮಾಡಿ ಸೂಜಿಲೆ ಬೇಕಾದಷ್ಟೇ ತಗೋತೀನಿ. ಹೆಂಗ ಕುಂತಾರೋ ಹಂಗೇ ತಂದು ನಿನ್ನ ಮುಂದ ಕೂಡಸ್ತೀನಿ.”

“ಕೈಯಾಗಿನ ಲಿಂಗ?” ಎಂದರು ಅಯ್ಯನವರು.

“ನೀವೇ ಬಟ್ಟಿ ಸುತ್ತಿ ಕಟ್ರಿ ಅಯ್ಯಾರ. ಆ ಗಂಟು ನಾ ಬಿಚ್ಚಂಗಿಲ್ಲ.”

ಅಯ್ಯನವರು ಶರಣುವಿನ ಮುಖ ನೋಡಿದರು. “ಹೋಗಿ ಬರ್ಲಿ ಬಿಡು. ಆಕಿನೇ ಹೇಳ್ಯಾಳಂದ್ರ ನಾವ್ಯಾರು?” ಎಂದು ಅವರೇ ಗಂಟು ಹಾಕಿದರು.

ನಮ್ಮ ಮನೆಯ ಕೈಯಿರುವ ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿ, ಸೆರಗು ಹೊದಿಸಿ ಗಾಡಿಗೆ ಏರಿಸಿದೆವು. ಶರಣು ಅವಳ ಹೆಗಲು ಹಿಡಿದು ಕೂತ, ನಾನು ಎದುರಿಗೆ. ವಾಡಿಯ ಗೇಟು ಹಾಕಿತ್ತು. ಶೇಂಗಾ ಮಾರುವ ಮುದುಕಿಯೊಬ್ಬಳು ಗಾಡಿಯೊಳಗೆ ಇಣುಕಿ, “ಅವ್ವಗ ಏನಾಗ್ಯಾದ್ರಿ?” ಎಂದಳು. ಬಾಯಾರು ಮುಂದಿನ ಸೀಟಿನಿಂದ, “ತಪಾಸಣಿಗೆ ಹೊಂಟಾರ” ಎಂದರು. ಮುದುಕಿ, “ಆರಾಮ ಆಗ್ಲಿ” ಎಂದು ಹರಸಿದಳು. ಆ ದುಃಖದಲ್ಲೂ ಶರಣುವಿನ ತುಟಿಯಲ್ಲಿ ಒಂದು ನಗು ಬಂದು ಹೋಯಿತು.

ಕಾಲೇಜಿನ ಕೋಣೆಯೊಳಗೆ ಆದದ್ದನ್ನು ನಾನು ನೋಡಲಿಲ್ಲ, ಬಾಯಾರು ಆಮೇಲೆ ಹೇಳಿದರು. ಇಂಥ ಪದ್ಧತಿ ಎಲ್ಲೂ ಇಲ್ಲವಲ್ಲ ಮೇಡಂ ಎಂದು ಕಿರಿಯ ಡಾಕ್ಟರುಗಳು ಗೊಣಗಿದರಂತೆ. ಇವರು ಫರಸಿ ಮೇಜನ್ನು ಬದಿಗೆ ಬಿಟ್ಟು, ಒಂದು ಸ್ಟೂಲು ಎಳೆದುಕೊಂಡು ಕುರ್ಚಿಯ ಹಿಂದೆ ಕೂತರು. “ಪೂರ್ತಿ ತೆಗೆದು ನೋಡಿದ್ರ ಇನ್ನೂ ಗೊತ್ತಾಗ್ತಿತ್ತು, ಖರೇ. ಇರ್ಲಿ. ಇಷ್ಟು ವರ್ಷ ನನ್ನ ಮುಂದ ಬಂದವರೆಲ್ಲಾ ಮಲಗಿದವರೇ ಟೀಚರ್‌ರ. ಕುಂತವರು ಇವರೊಬ್ಬರೇ. ಜರಾ ತಡೀರಿ ಅಕ್ಕಾರ, ಮುಗೀತು ಅಕ್ಕಾರ ಅಂತ ಬಾಯಿ ಬಿಡದ ಮಾತಾಡಿದೆ” ಎಂದರು.

ಹೊತ್ತು ಮುಳುಗುವ ಮೊದಲೇ ಅಕ್ಕ ಹೋದ ಹಾಗೇ ವಾಪಸು ಬಂದಳು. ಬೆನ್ನು ನೆಟ್ಟಗಿತ್ತು. ಕೈಯ ಗಂಟು ಹಾಕಿದ ಹಾಗೇ ಇತ್ತು. ಅಯ್ಯನವರು ಅದನ್ನು ಮುಟ್ಟಿ ನೋಡಿ ಬಾಯಾರಿಗೆ ಕೈ ಮುಗಿದರು. ಬಾಯಾರ ತಾಯಿ, ಸಾವಿನ ಮನೆಯ ಹೊಸ್ತಿಲು ತುಳಿಯದ ಆ ಮಡಿಯ ಹೆಂಗಸು, ಅವತ್ತು ರಸ್ತೆ ದಾಟಿ ಬಂದು ನನ್ನ ಪಕ್ಕದಲ್ಲಿ ಕೂತರು. ಮಣ್ಣು ಮುಗಿದ ಮೇಲೆ ಮಗಳಿಗೆ, “ನಡಿ, ಇಬ್ಬರಿಗೂ ನೀರು ಕಾಯಿಸೀನಿ” ಎಂದು ಕೈ ಹಿಡಿದು ಕರೆದುಕೊಂಡು ಹೋದರು.

ಎಳ್ಳಮಾವಾಸ್ಯೆ ಮುಗಿಯಿತು. ಆಗೊಂದು ಭಾನುವಾರ ಬಾಯಾರು ಶರಣುವಿನ ಮನೆಗೆ ಬರುತ್ತೇನೆಂದು ಹೇಳಿ ಕಳಿಸಿದರು. “ಅಕ್ಕಾರು ಎಲ್ಲಾರ ಮುಂದ ಹೇಳ್ರಿ ಅಂದಿದ್ರು, ಎಲ್ಲಾರನೂ ಕರೀರಿ” ಎಂದರು. ನಾನು ಬಿಡುತ್ತೇನೆಯೇ? ಸೊಕ್ಕು ಎಂದವರನ್ನೂ ಗಾಳಿ ಎಂದವರನ್ನೂ ಹುಡುಕಿ ಹುಡುಕಿ ಕರೆದೆ. ಪಡಸಾಲೆ ತುಂಬಿತು.

ಬಾಯಾರಿಗೆ ಭಾಷಣ ಬರುವುದಿಲ್ಲ. ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕೈ ಮಡಿಲಲ್ಲಿಟ್ಟುಕೊಂಡು ಹೇಳಿದರು. “ಅಕ್ಕಾರ ಎದಿಯ ಮಾಂಸದಾಗ ಕೂದಲೆಳಿಯಂಥ ಗಾಯದ ಗುರುತು ಭಾಳ ಇದ್ದವು. ಸಣ್ಣ ರಕ್ತನಾಳ ಅಲ್ಲಲ್ಲಿ ಮುಚ್ಚಿಹೋಗಿದ್ದವು. ಕತ್ತಿನ ಹಿಂದ, ಮಿದುಳಿನ ಬುಡದಾಗ, ಉರಿ ಇನ್ನಾ ಆರಿದ್ದಿಲ್ಲ. ಇವು ಫೋಟೋದಾಗ ಕಾಣೂವಷ್ಟು ದೊಡ್ಡವಲ್ಲ. ಇದೆಲ್ಲಾ ಆ ಜ್ವರದ್ದೇ ಅಂತ ನಾ ಆಣಿ ಮಾಡಿ ಹೇಳಂಗಿಲ್ಲ. ಒಬ್ಬರನ್ನ ನೋಡಿ ಅಷ್ಟು ಹೇಳಲಿಕ್ಕ ಬರಂಗಿಲ್ಲ, ಇನ್ನಾ ಭಾಳ ಮಂದೀನ್ನ ನೋಡಬೇಕು. ಆದ್ರ ಇಷ್ಟು ಮಾತ್ರ ಹೇಳ್ತೀನಿ. ಇಂಥಾ ಎದಿ ಇಟ್ಕೊಂಡು ರೊಟ್ಟಿ ಬಡಿಯೂದು ಆಗೂ ಮಾತಲ್ಲ. ಅಕ್ಕಾರು ಒಂದ್ ಅಕ್ಷರ ಸುಳ್ಳು ಹೇಳಿದ್ದಿಲ್ಲ.”

ಸೊಕ್ಕು ಎಂದಿದ್ದಾಕೆ ಸೆರಗಿನ ಅಂಚು ನೋಡುತ್ತ ಕೂತಳು. ನನಗೆ ಅಳುವೂ ಬಂತು, ಗೆದ್ದ ಸಂತೋಷವೂ ಬಂತು.

“ಆಕಿಗೆ ಭಾಳ ತ್ರಾಸ ಆಗಿರಬೇಕೇನ್ರಿ?” ಎಂದ ಶರಣು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಪ್ಪ ಎಂದು ಸಮಾಧಾನ ಹೇಳುತ್ತಿದ್ದರು. ಬಾಯಾರು, “ಆಗ್ಯಾದಪ್ಪಾ” ಎಂದರು.

ಶರಣು ಮುಖ ಮುಚ್ಚಿಕೊಂಡು ಅತ್ತ. ಅಷ್ಟರಲ್ಲಿ ಒಳಬಾಗಿಲಿನ ಹತ್ತಿರ ಕಪ್ಪುಗಳು ಗಡಗಡ ಅಂದವು. ಅಂಬಿಕಾ ಚಹಾದ ತಾಟು ಹಿಡಿದು ಚೌಕಟ್ಟಿಗೆ ಒರಗಿ ನಿಂತಿದ್ದಳು. ಹಣೆಯ ಮೇಲೆ ಬೆವರು.

“ನನಗೂ ಹಂಗೇ ಆಗ್ತದ್ರಿ ಬಾಯಾರ” ಎಂದಳು. “ಜ್ವರ ಬಂದಾಗಿಂದ. ಅತ್ತಿ ಮಾತೇ ಯಾರೂ ನಂಬಲಿಲ್ಲ, ನಂದು ಯಾರು ನಂಬತಾರಂತ ಹೇಳಿದ್ದಿಲ್ಲ.”

ಶರಣು ದಿಗ್ಗನೆ ಎದ್ದು ಅವಳ ಕೈಯಿಂದ ತಾಟು ಇಸಿದುಕೊಂಡ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಬಾಯಾರು ಜಮಖಾನೆಯ ಮೇಲೆ ಸರಿದು ತಮ್ಮ ಪಕ್ಕದಲ್ಲಿ ಜಾಗ ಮಾಡಿದರು.

“ಬಾರವ್ವ, ಕುಂದರು” ಎಂದು ಅವಳ ಕೈ ಹಿಡಿದರು. “ಎಲ್ಲಾ ಹೇಳು. ಬದುಕಿದ್ದವರ ಬಾಯಿಲೆ ಕೇಳಿ ನನಗ ರೂಢಿ ಇಲ್ಲ. ಮೆಲ್ಲಕ ಹೇಳು.”